ಮಡಚುವ ಕೋವಿಯ ಮುರಿದ ಕತ್ತು

ಹಳೆಯ ಕೋವಿಯ ಮರ ಮುರಿಯುವ ಜಾಗ ಹೆಚ್ಚುಕಡಿಮೆ ಒಂದೇ. ನಳಿಗೆಯೂ ಈಡು ಹಾರಿಸುವ ಕುದುರೆಯೂ ಕೂಡಿರುವ ಉಕ್ಕಿನ ಭಾಗ ಮುಗಿದು ಮರ ಶುರುವಾಗುವಲ್ಲಿ, ಬಲಗೈ ಸುತ್ತಿ ಹಿಡಿಯಲೆಂದು ಸಣ್ಣಗೆ ಕೆತ್ತಿದ ಒಂದು ಗೇಣು ಉದ್ದದ ಜಾಗವದು. ನಾನು ಅದನ್ನು ಕೋವಿಯ ಕತ್ತು ಎನ್ನುತ್ತೇನೆ. ಹೆಗಲಿಗೆ ಒತ್ತುವ ಅಗಲವಾದ ತುದಿಗೆ ಏನೂ ಆಗಿರುವುದಿಲ್ಲ, ನಳಿಗೆ ನೆಟ್ಟಗೇ ಇರುತ್ತದೆ, ಕತ್ತು ಮಾತ್ರ ಓರೆಯಾಗಿ ಸೀಳಿರುತ್ತದೆ. ಆ ಸೀಳಿನ ಮೇಲೆ ಯಾರೋ ಎಂದೋ ತಂತಿ ಸುತ್ತಿರುತ್ತಾರೆ, ಸೀಮೆಎಣ್ಣೆ ಡಬ್ಬಿಯ ತಗಡು ಹೊದಿಸಿ ಮೊಳೆ ಬಡಿದಿರುತ್ತಾರೆ, ಇಲ್ಲವೇ ಹಸಿ ಚರ್ಮದ ಪಟ್ಟಿ ಬಿಗಿದು ಒಣಗಲು ಬಿಟ್ಟಿರುತ್ತಾರೆ. ಒಣಗಿದ ಚರ್ಮ ಕುಗ್ಗಿ, ಕಬ್ಬಿಣದ ಬಳೆಯಷ್ಟೇ ಗಟ್ಟಿಯಾಗಿ ಮರವನ್ನು ಅಪ್ಪಿಕೊಂಡಿರುತ್ತದೆ.

ನನ್ನನ್ನು ಈ ವಿಷಯಕ್ಕೆ ಎಳೆದದ್ದು ದಕ್ಷಿಣ ಕೊಡಗಿನ ಒಂದು ಹಳೆಯ ಮನೆಯಲ್ಲಿದ್ದ ಒಂಟಿನಳಿಗೆಯ ಮಡಚುವ ಕೋವಿ. ಸ್ನೇಹಿತನ ಅಜ್ಜ ಬಟ್ಟೆ ಸುತ್ತಿದ ಒಂದು ಮೋಟು ಗಂಟನ್ನು ಒಳಗಿನಿಂದ ತಂದು ಮೇಜಿನ ಮೇಲಿಟ್ಟರು. ಅದರೊಳಗೆ ಇಡೀ ಕೋವಿ ಇರಬಹುದೆಂದು ನನಗೆ ಅನ್ನಿಸಿರಲಿಲ್ಲ. ಅವರು ಬಟ್ಟೆ ಬಿಚ್ಚಿ, ಹಿಡಿಮರದ ಹೊಟ್ಟೆಗೆ ಅಂಟಿಕೊಂಡು ಮಲಗಿದ್ದ ನಳಿಗೆಯನ್ನು ಅರ್ಧ ಸುತ್ತು ತಿರುಗಿಸಿ ಮೇಲಕ್ಕೆತ್ತಿ ಕಟಕ್ಕೆಂದು ಕೂರಿಸಿದಾಗ, ಎದೆಯೆತ್ತರದ ಕೋವಿಯೊಂದು ಅವರ ಕೈಯಲ್ಲಿತ್ತು. ಕತ್ತಿನ ಸುತ್ತ ತಾಮ್ರದ ತಂತಿ ಒತ್ತೊತ್ತಾಗಿ ಸುತ್ತಿತ್ತು. ತಂತಿಯ ಕೆಳಗಿನಿಂದ ಸೀಳು ಹಲ್ಲಿಯ ಬಾಲದ ಹಾಗೆ ಹೊರಗೆ ಚಾಚಿತ್ತು. ನಾನು ಬೆರಳಿಟ್ಟು ನೋಡುವಾಗ ಅಜ್ಜ ಹೇಳಿದರು: “ಮರ ಸರಿ ಮಾಡಲಿಕ್ಕಾದರೆ ನೋಡಿ. ಆದರೆ ಆ ತಂತಿ ನನ್ನ ಅಪ್ಪ ಸುತ್ತಿದ್ದು. ಅದು ಹೋಗಬಾರದು.”

ಆ ತಂತಿಯ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಕೋವಿ ಎಂಥದ್ದು ಎನ್ನುವುದು.

ತೋಟಾ ಹಾಕುವ ಸಾಮಾನ್ಯ ಕೋವಿಯನ್ನು ಹಲವರು ನೋಡಿರುತ್ತೀರಿ. ಮೇಲಿನ ಕೀಲಿ ತಳ್ಳಿದರೆ ನಳಿಗೆಯ ಬಾಯಿ ಕೆಳಕ್ಕೆ ಬಾಗಿ, ಬುಡ ತೆರೆದುಕೊಳ್ಳುತ್ತದೆ. ತೋಟಾ ತೂರಿಸಲು ಬೇಕಾದಷ್ಟು ಮಾತ್ರ ಅದು ಬಾಗುತ್ತದೆ. ಅದಕ್ಕಿಂತ ಹೆಚ್ಚು ಬಾಗದಂತೆ ಒಳಗೆ ತಡೆ ಇರುತ್ತದೆ. ಪ್ರಯಾಣಕ್ಕೆ ಒಯ್ಯಬೇಕಾದರೆ ಅದನ್ನು ಮೂರು ತುಂಡಾಗಿ ಬಿಚ್ಚಬೇಕು: ಹಿಡಿಮರ, ನಳಿಗೆ, ನಳಿಗೆಯ ಕೆಳಗಿನ ಮುಂಗೈ ಮರ. ಮಡಚುವ ಕೋವಿಯಲ್ಲಿ ಆ ತಡೆಯೇ ಇಲ್ಲ. ಕೀಲಿನ ಕೆಳಭಾಗವನ್ನು ಉದ್ದಕ್ಕೆ ಸೀಳಿ ದಾರಿ ಮಾಡಿರುವುದರಿಂದ ನಳಿಗೆ ಪೂರಾ ಕೆಳಗೆ ಸುತ್ತಿ ಬಂದು ಹಿಡಿಮರದ ಅಡಿಯಲ್ಲಿ ಮಲಗುತ್ತದೆ. ಬಿಚ್ಚುವ ಕೆಲಸವಿಲ್ಲ, ಕಳೆದುಹೋಗುವ ತುಂಡೂ ಇಲ್ಲ. ಮಡಚಿದಾಗ ಅದರ ಉದ್ದ ನಳಿಗೆಯ ಉದ್ದಕ್ಕಿಂತ ಸ್ವಲ್ಪವೇ ಹೆಚ್ಚು. ಮಡಚಿದ ಕೋವಿಯ ಬುಡ ತೆರೆದೇ ಇರುವುದರಿಂದ ಆ ಸ್ಥಿತಿಯಲ್ಲಿ ಅದು ಈಡು ಹಾರಿಸಲಾರದು. ಈ ಸರಳ ಉಪಾಯದಲ್ಲಿ ನನಗೆ ಬಹಳ ಹಿಡಿಸುವುದು ಇದೇ ಗುಣ.

ಇಂಥ ಕೋವಿಗಳ ತವರು ಯುರೋಪಿನ ಕೆಲವು ಊರುಗಳು. ಬೆಲ್ಜಿಯಂನ ಲಿಯೆಜ್‌ನಲ್ಲಿ ಮನೆಮನೆಯಲ್ಲೂ ಕೋವಿಯ ಒಂದೊಂದು ಭಾಗ ತಯಾರಾಗುತ್ತಿದ್ದ ಕಾಲವಿತ್ತು: ಒಬ್ಬರು ನಳಿಗೆ ಕೊರೆಯುವವರು, ಒಬ್ಬರು ಕುದುರೆ ಅರೆಯುವವರು, ಇನ್ನೊಬ್ಬರು ಮರ ಕೆತ್ತುವವರು. ಅಗ್ಗದ, ಹಗುರ, ಒಂಟಿನಳಿಗೆಯ ಮಡಚುವ ಕೋವಿಗಳು ಅಲ್ಲಿಂದ ದೇಶದೇಶಗಳಿಗೆ ಹೋದವು. ಎಷ್ಟೋ ಕೋವಿಗಳ ಮೇಲೆ ತಯಾರಕನ ಹೆಸರೇ ಇರುವುದಿಲ್ಲ, ಪರೀಕ್ಷೆಯ ಮುದ್ರೆ ಮಾತ್ರ. ಇಟಲಿಯಲ್ಲಿ ಬ್ರೆಷಾ ಪಟ್ಟಣದ ಮೇಲಿನ ಕಣಿವೆಯ ಗಾರ್ದೋನೆ ಇನ್ನೊಂದು ತವರು. 1526ರಲ್ಲಿ ವೆನಿಸ್‌ನ ಶಸ್ತ್ರಾಗಾರಕ್ಕೆ 185 ನಳಿಗೆಗಳನ್ನು ಮಾರಿದ ಲೆಕ್ಕಪತ್ರ ಇಂದಿಗೂ ಉಳಿದಿರುವ ಬೆರೆಟ್ಟಾ ಮನೆತನ ಆ ಕಣಿವೆಯದ್ದು. ಇಪ್ಪತ್ತನೆಯ ಶತಮಾನದಲ್ಲಿ ಅದೇ ಮನೆಯಿಂದ ಬಂದ ಎಫ್‌ಎಸ್-1 ಎಂಬ ಮಡಚುವ ಒಂಟಿನಳಿಗೆ ‘ಕಂಪ್ಯಾನಿಯನ್’ ಎಂಬ ಹೆಸರಲ್ಲಿ ಅಮೆರಿಕದ ಅಂಗಡಿಗಳಲ್ಲಿ ಮಾರಾಟವಾಯಿತು. ಸಂಗ್ರಾಹಕರು ಇಂದಿಗೂ ಅದನ್ನು ಹುಡುಕುತ್ತಾರೆ.

ಇಂಗ್ಲೆಂಡಿನಲ್ಲಿ ಈ ಕೋವಿಗೆ ಕಳ್ಳಬೇಟೆಯವರ ಕೋವಿ ಎಂಬ ಹೆಸರು ಅಂಟಿತು. ದೊಡ್ಡ ಜಮೀನ್ದಾರರ ಕಾಡಿಗೆ ರಾತ್ರಿ ನುಗ್ಗಿ ಮೊಲ, ಕಾಡುಕೋಳಿ ಹೊಡೆಯುವವರು ಕೋಟಿನೊಳಗೆ ಇದನ್ನು ಬಚ್ಚಿಟ್ಟುಕೊಳ್ಳುತ್ತಿದ್ದರು ಎನ್ನುವುದು ಅದರ ಹಿಂದಿನ ಮಾತು. ರಾತ್ರಿ ಬೇಟೆಯ ವಿರುದ್ಧ ಅಲ್ಲಿ 1828ರಲ್ಲೇ ಕಠಿಣ ಕಾಯ್ದೆ ಬಂದಿತ್ತು. ಆದರೆ ಸೈಕಲ್ಲಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗುವ ರೈತನಿಗೂ, ಬೆನ್ನುಚೀಲದಲ್ಲಿ ಹಾಕಿಕೊಂಡು ಗುಡ್ಡ ಹತ್ತುವ ಕುರಿಗಾಹಿಗೂ ಇದು ಅಷ್ಟೇ ಅನುಕೂಲದ ವಸ್ತು. ಬಚ್ಚಿಡಲು ಬರುವ ವಸ್ತುವಿನ ಮೇಲೆ ಅನುಮಾನ ಬರುವುದು ಸಹಜ. ನಮ್ಮಲ್ಲೂ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆಯ ಮಾತೇ ಮುಗಿದಿದೆ, ಮುಗಿಯಬೇಕಾದದ್ದೇ. ಕಾಡುಪ್ರಾಣಿಯ ಮೇಲೆ ಎತ್ತುವುದಕ್ಕಾಗಿ ನಾನು ಯಾವ ಕೋವಿಯ ಮರವನ್ನೂ ಜೋಡಿಸಿಲ್ಲ, ಜೋಡಿಸುವುದೂ ಇಲ್ಲ.

ಇನ್ನು ಕತ್ತು ಯಾಕೆ ಮುರಿಯುತ್ತದೆ? ಬಿದ್ದು ಮುರಿಯಿತು ಎಂದೇ ಎಲ್ಲರೂ ಹೇಳುತ್ತಾರೆ. ಬೀಳುವುದೂ ನಿಜವೇ. ಆದರೆ ಬೀಳುವ ಎಷ್ಟೋ ಮೊದಲೇ ಮರ ಒಳಗಿನಿಂದ ಸೋತಿರುತ್ತದೆ.

ಒಂದು ಲೆಕ್ಕ ನೋಡಿ. ಹನ್ನೆರಡು ಬೋರಿನ ತೋಟಾ ಸುಮಾರು 30 ಗ್ರಾಂ ಚರೆಯನ್ನು ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಮುಂದಕ್ಕೆ ಎಸೆಯುತ್ತದೆ. ಚರೆ ಮುಂದಕ್ಕೆ ಹೋದಷ್ಟೇ ಸಂವೇಗದಲ್ಲಿ ಕೋವಿ ಹಿಂದಕ್ಕೆ ಬರಬೇಕು. ಮೂರು ಕೆಜಿಗೂ ಮಿಕ್ಕಿದ ಜೋಡಿನಳಿಗೆ ಕೋವಿ ಸೆಕೆಂಡಿಗೆ ಸುಮಾರು ನಾಲ್ಕು ಮೀಟರ್ ವೇಗದಲ್ಲಿ ಹೆಗಲಿಗೆ ಒದ್ದರೆ, ಎರಡೂವರೆ ಕೆಜಿಯೂ ತೂಗದ ಮಡಚುವ ಕೋವಿ ಐದು ಮೀಟರಿಗೂ ಹೆಚ್ಚಿನ ವೇಗದಲ್ಲಿ ಒದೆಯುತ್ತದೆ. ತೂಕ ತಗ್ಗಿದರೂ ಒದೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಹಗುರ ಕೋವಿಯ ಏಟು ಕಾಲು ಪಾಲಿನಷ್ಟಾದರೂ ಹೆಚ್ಚಾಗುತ್ತದೆ. ಆ ಏಟೆಲ್ಲ ಉಕ್ಕಿನಿಂದ ಮರಕ್ಕೆ ದಾಟಿ ಹೆಗಲಿಗೆ ಹೋಗುವುದು ಈ ಕತ್ತಿನ ಮೂಲಕವೇ.

ದಾಟುವ ರೀತಿಯಲ್ಲೇ ಅಪಾಯವಿದೆ. ಉಕ್ಕಿನ ಭಾಗದಿಂದ ಹಿಂದಕ್ಕೆ ನಾಲಿಗೆಯಂಥ ಎರಡು ಪಟ್ಟಿಗಳು ಚಾಚಿರುತ್ತವೆ, ಒಂದು ಕತ್ತಿನ ಮೇಲೆ, ಒಂದು ಕೆಳಗೆ. ಮೇಲಿನ ಪಟ್ಟಿಯಿಂದ ಕೆಳಗಿನ ಪಟ್ಟಿಗೆ ಒಂದು ತಿರುಪು ಮೊಳೆ ಮರವನ್ನು ತೂರಿಕೊಂಡು ಇಳಿಯುತ್ತದೆ. ಅಂದರೆ ಅತಿ ಸಣ್ಣಗಿರುವ ಜಾಗಕ್ಕೇ ತೂತು. ಆ ತೂತಿನ ಸುತ್ತ ಕುದುರೆಯ ಸ್ಪ್ರಿಂಗಿಗಾಗಿ ತೋಡಿದ ಟೊಳ್ಳು. ತಿರುಪು ಬಿಗಿಯಾಗಿ, ಮರ ಉಕ್ಕಿನ ಬುಡಕ್ಕೆ ಸಮನಾಗಿ ಒತ್ತಿಕೊಂಡಿರುವವರೆಗೆ ಚಿಂತೆಯಿಲ್ಲ. ಮಲೆನಾಡಿನ ನಾಲ್ಕು ತಿಂಗಳ ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಹತ್ತಾರು ವರ್ಷ ಹೀಗೆ ನಡೆದಾಗ ಮರಕ್ಕೂ ಉಕ್ಕಿಗೂ ನಡುವೆ ಸಡಿಲ ಬರುತ್ತದೆ. ಆಗ ಒದೆತ ಅಗಲವಾದ ಬುಡದ ಮೇಲೆ ಬೀಳುವುದಿಲ್ಲ. ಹಿಂದಕ್ಕೆ ಚಾಚಿದ ಆ ನಾಲಿಗೆಯ ತುದಿಯ ಮೇಲೆ ಬೀಳುತ್ತದೆ. ಸೌದೆ ಸೀಳುವಾಗ ಬೆಣೆ ಹೇಗೋ ಹಾಗೆ. ಒಂದೊಂದು ಈಡಿಗೂ ಕೂದಲೆಳೆಯಷ್ಟು ಸೀಳುತ್ತ ಸೀಳುತ್ತ, ಒಂದು ದಿನ ಮೇಜಿನಿಂದ ಕೆಳಗೆ ಬಿದ್ದ ನೆಪದಲ್ಲಿ ಕತ್ತು ಬಾಯಿ ಬಿಡುತ್ತದೆ.

ಎಣ್ಣೆ ಇನ್ನೊಂದು ಶತ್ರು. ಕೋವಿಯನ್ನು ಪ್ರೀತಿಸುವವರೇ ಈ ತಪ್ಪು ಮಾಡುತ್ತಾರೆ. ನಳಿಗೆಗೂ ಕುದುರೆಗೂ ಧಾರಾಳವಾಗಿ ಎಣ್ಣೆ ಬಿಟ್ಟು, ನಳಿಗೆಯ ಬಾಯಿ ಮೇಲಾಗಿ ಮೂಲೆಯಲ್ಲಿ ಒರಗಿಸಿಡುತ್ತಾರೆ. ಎಣ್ಣೆ ಹನಿಹನಿಯಾಗಿ ಇಳಿದು ಮರದ ತಲೆಗೆ, ಅಂದರೆ ಎಳೆಗಳು ಬಾಯ್ತೆರೆದಿರುವ ಕಡೆಗೇ ಸೇರುತ್ತದೆ. ಮೂವತ್ತು ನಲವತ್ತು ವರ್ಷದಲ್ಲಿ ಆ ಭಾಗ ಕಪ್ಪಾಗಿ, ಉಗುರು ಒತ್ತಿದರೆ ಇಳಿಯುವಷ್ಟು ಮೆತ್ತಗಾಗುತ್ತದೆ. ಹಾಗೆ ನೆನೆದ ಮರಕ್ಕೆ ಯಾವ ಅಂಟೂ ಹಿಡಿಯದು. ಕೋವಿಯನ್ನು ನಳಿಗೆಯ ಬಾಯಿ ಕೆಳಗೆ ಮಾಡಿ ಇಡಬೇಕು. ಇದೊಂದು ಅಭ್ಯಾಸ ನಮ್ಮ ಮನೆಗಳಲ್ಲಿ ಇದ್ದಿದ್ದರೆ ಅರ್ಧದಷ್ಟು ಹಿಡಿಮರಗಳು ಉಳಿಯುತ್ತಿದ್ದವು.

ಮಡಚುವ ಕೋವಿಗೇ ವಿಶೇಷವಾದ ಒಂದು ಗಾಯವೂ ಇದೆ. ಮಡಚುವಾಗ ಕೈ ಜಾರಿದರೆ ನಳಿಗೆ ಹಿಡಿಮರದ ಹೊಟ್ಟೆಗೆ ಬಡಿಯುತ್ತದೆ. ಹಳೆಯ ಕೋವಿಗಳಲ್ಲಿ ಅಲ್ಲಿ ಒಂದರ ಪಕ್ಕ ಒಂದು ತಗ್ಗುಗಳ ಸಾಲೇ ಇರುತ್ತದೆ. ಆ ಸಾಲು ನೋಡಿದರೆ ಕೋವಿ ಎಷ್ಟು ಓಡಾಡಿದೆ ಎನ್ನುವುದು ಗೊತ್ತಾಗುತ್ತದೆ. ಪೆಟ್ಟಿಗೆಯಲ್ಲೇ ಇದ್ದ ಕೋವಿಯ ಹೊಟ್ಟೆ ನುಣ್ಣಗಿರುತ್ತದೆ.

ಮುರಿದ ಕೋವಿಯೊಂದು ಕೈಗೆ ಬಂದಾಗ ಕೈ ಮೊದಲು ಮರದ ಕಡೆಗೆ ಹೋಗಬಾರದು. ಮೊದಲು ಅದು ಖಾಲಿಯಿದೆಯೇ ಎಂದು ಬುಡ ತೆರೆದು ಕಣ್ಣಿಂದಲೂ ಕಿರುಬೆರಳಿಂದಲೂ ನೋಡಬೇಕು. ಆಮೇಲೆ ಉಕ್ಕನ್ನು ಓದಬೇಕು. ಲಿಯೆಜ್‌ನಲ್ಲಿ ನಳಿಗೆಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಪದ್ಧತಿಗೆ 1672ರ ಶಾಸನವೇ ಇದೆ. ಮೊಟ್ಟೆಯಾಕಾರದೊಳಗೆ ಇ.ಎಲ್.ಜಿ. ಎಂಬ ಮೂರು ಅಕ್ಷರ, ಅದರಡಿ ಒಂದು ನಕ್ಷತ್ರ ಇದ್ದರೆ ಅದು ಲಿಯೆಜ್ ಪರೀಕ್ಷೆಯ ಗುರುತು. ಮೇಲೆ ಕಿರೀಟವೂ ಇದ್ದರೆ ಕೋವಿ 1893ರ ನಂತರದ್ದು. 1922ರಿಂದ ಪ್ರತಿವರ್ಷಕ್ಕೂ ಒಂದೊಂದು ಅಕ್ಷರ ಒತ್ತಲು ಶುರುಮಾಡಿದರು, ಹಾಗಾಗಿ ಆಮೇಲಿನ ಕೋವಿಗಳ ಹುಟ್ಟಿದ ವರ್ಷವನ್ನೇ ಹೇಳಬಹುದು. ಸಿಂಹದ ಚಿತ್ರದ ಜೊತೆಗೆ ಪಿ.ವಿ. ಎಂದಿದ್ದರೆ ಹೊಗೆಯಿಲ್ಲದ ಮದ್ದಿನ ಒತ್ತಡಕ್ಕೆ ನಳಿಗೆ ಪರೀಕ್ಷೆಯಾಗಿದೆ ಎಂದರ್ಥ. ಇಟಲಿಯ ಕೋವಿಗಳಲ್ಲಿ ಅದೇ ಅರ್ಥಕ್ಕೆ ಪಿ.ಎಸ್.ಎಫ್. ಎಂಬ ಅಕ್ಷರಗಳು.

ಈ ಮುದ್ರೆ ಮುಖ್ಯವಾಗುವುದಕ್ಕೆ ಕಾರಣವಿದೆ. ಹೊಗೆಯಿಲ್ಲದ ಮದ್ದನ್ನು ಫ್ರಾನ್ಸಿನ ಪಾಲ್ ವಿಯೆ 1884ರಲ್ಲಿ ಸಿದ್ಧಪಡಿಸಿದ. ಅದಕ್ಕೆ ಮೊದಲಿನ, ಮತ್ತು ಅದರ ನಂತರವೂ ಎಷ್ಟೋ ವರ್ಷ ತಯಾರಾದ ಅಗ್ಗದ ಕೋವಿಗಳು ಕರಿಮದ್ದಿಗೆಂದೇ ಮಾಡಿದವು. ಕೆಲವುಗಳ ನಳಿಗೆಯನ್ನು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹಗ್ಗದಂತೆ ಹೊಸೆದು, ಕಾಯಿಸಿ ಬಡಿದು ಮಾಡಿರುತ್ತಾರೆ. ನೋಡಲು ರೇಷ್ಮೆಯ ಮೇಲಿನ ಅಲೆಯಷ್ಟು ಚೆಂದ. ಆದರೆ ಒಳಗೆ ತುಕ್ಕು ತಿಂದಿದ್ದರೆ ಇಂದಿನ ತೋಟಾದ ಒತ್ತಡಕ್ಕೆ ಅದು ಕೈಯಲ್ಲೇ ಸಿಡಿಯಬಹುದು. ತೋಟಾ ಕೂರುವ ಗೂಡಿನ ಉದ್ದವೂ ಹಾಗೆಯೇ. ಹಳೆಯ ಹನ್ನೆರಡು ಬೋರಿನ ಗೂಡು 65 ಮಿಲಿಮೀಟರ್, ಇಂದಿನ ತೋಟಾಗಳು ಸಾಮಾನ್ಯವಾಗಿ 70. ಉದ್ದದ ತೋಟಾ ಗಿಡ್ಡ ಗೂಡಿನೊಳಗೆ ಹೋಗಿಯೇಬಿಡುತ್ತದೆ, ಮೋಸವಿರುವುದು ಅಲ್ಲಿಯೇ. ಈಡು ಹಾರುವಾಗ ಅದರ ಮಡಿಸಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಇದನ್ನೆಲ್ಲ ಅಳೆದು ಹೇಳಬೇಕಾದವನು ಕೋವಿ ರಿಪೇರಿಯ ಪರವಾನಗಿ ಇರುವ ಕಸಬುದಾರ. ಉಕ್ಕಿನ ಬಗ್ಗೆ ಅವನು ಬೇಡವೆಂದರೆ ಬೇಡ. ಮರವನ್ನು ಎಷ್ಟು ಚೆನ್ನಾಗಿ ಕೂಡಿಸಿದರೂ ಆ ಕೋವಿ ಗೋಡೆಗೇ ಸರಿ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಓದುಗರ ಮನೆಯಲ್ಲಿ ಅಜ್ಜನ ಕಾಲದ ಕೋವಿ ಇರಬಹುದು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ಇಟ್ಟುಕೊಳ್ಳಲು ಮಾತ್ರವಲ್ಲ, ಅದನ್ನು ರಿಪೇರಿ ಮಾಡುವ ಕಸಬಿಗೂ ಪರವಾನಗಿ ಬೇಕು. ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡುವುದು ಅಪರಾಧ. ಮಡಚುವ ಕೋವಿಯನ್ನು ಕೆಲವರು ಇದರೊಡನೆ ಗೊಂದಲ ಮಾಡಿಕೊಳ್ಳುತ್ತಾರೆ. ಮಡಚುವ ಕೋವಿಯ ನಳಿಗೆ ಪೂರ್ಣ ಉದ್ದದ್ದೇ, ಕೀಲು ಮಾತ್ರ ಬೇರೆ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡು ಕೋವಿಗಿಂತ ಹೆಚ್ಚು ಇರುವಂತಿಲ್ಲ, ಅದಕ್ಕೆ ಮೊದಲು ಮೂರಿತ್ತು; ಹಿರಿಯರಿಂದ ಬಂದದ್ದಾದರೂ ಎಣಿಕೆ ಎರಡೇ. ಹಾಗಾಗಿ ಬ್ರಿಟನ್ನಿನ ಸಂಗ್ರಾಹಕ ಭದ್ರವಾದ ಬೀರು ತೋರಿಸಿ ಹತ್ತಾರು ಚರೆಕೋವಿ ಕೂಡಿಡುವ ಹಾಗೆ ನಮ್ಮಲ್ಲಿ ಸಂಗ್ರಹ ಸಾಧ್ಯವಿಲ್ಲ. ರಿಪೇರಿ ಮಾಡಿದರೂ ಹಾರದಷ್ಟು ಕೆಟ್ಟುಹೋದ ಅಥವಾ ಪುರಾತನ ಮಾದರಿಯ ಆಯುಧಕ್ಕೆ ಕಾಯ್ದೆಯ 45ನೇ ಕಲಂ ಒಂದು ವಿನಾಯಿತಿ ಕೊಡುತ್ತದೆ. ಆದರೆ ನಿಮ್ಮ ಅಟ್ಟದ ಕೋವಿ ಆ ಸಾಲಿಗೆ ಸೇರುತ್ತದೆಯೇ ಎನ್ನುವುದನ್ನು ನೀವೇ ತೀರ್ಮಾನಿಸಬೇಡಿ. ಜಿಲ್ಲಾಧಿಕಾರಿ ಕಚೇರಿಯಿಂದ ಕಾಗದದ ಮೇಲೆ ತೆಗೆದುಕೊಳ್ಳಿ.

ಕೊಡಗಿನ ಮಾತು ಬೇರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ಹೊರಗಿಟ್ಟ ಮೇಲೆ, ಆ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಮುಂದುವರಿದಿದೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಈಗಿರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಲಾಯಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿಗೆ ತೋಕ್ ಎನ್ನುತ್ತಾರೆ. ಗಂಡುಮಗು ಹುಟ್ಟಿದಾಗ ಒಂದು ಈಡು, ಮನೆಯಲ್ಲಿ ಸಾವಾದಾಗ ಎರಡು. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್‌ ಹಬ್ಬದಂದು ಒಡಿಕತ್ತಿಯ ಪಕ್ಕ ಕೋವಿಯನ್ನೂ ಇಟ್ಟು, ಅದರದ್ದೇ ಹೆಸರು ಹೊತ್ತ ತೋಕ್‌ಪೂವನ್ನು ಮುಡಿಸುತ್ತಾರೆ. ಬೆಂಕಿಯ ನಾಲಿಗೆಯಂತೆ ಕೆಂಪು ಹಳದಿ ಎಸಳುಗಳ ಹೂವದು. ಇಂಥ ಕಡೆ ಮುರಿದ ಕೋವಿಯನ್ನು ಮೂಲೆಗೆಸೆಯುವ ಮಾತೇ ಹುಟ್ಟುವುದಿಲ್ಲ.

ಅಜ್ಜನ ಕೋವಿಯನ್ನು ನಾವು ಪರವಾನಗಿ ಇರುವ ಒಂದು ಕೋವಿ ಅಂಗಡಿಗೆ ಒಯ್ದೆವು. ಬಿಚ್ಚಿದ್ದು, ಅಳೆದದ್ದು, ಕೀಲಿನ ಸವೆತ ನೋಡಿದ್ದು ಅಲ್ಲಿನ ಕಸಬುದಾರರು. ಮರದ ಕೆಲಸ ನನ್ನದು, ಅದೂ ಅವರ ಮೇಜಿನ ಮೇಲೆ, ಅವರ ಕಣ್ಣೆದುರು.

ಮರ ಅಕ್ರೋಟು. ಕೋವಿಗೆ ಜಗತ್ತಿನಾದ್ಯಂತ ಅದನ್ನೇ ಆರಿಸಿಕೊಂಡದ್ದರ ಹಿಂದೆ ಬಡಗಿಗಳ ದೊಡ್ಡ ಅನುಭವವಿದೆ. ಘನಮೀಟರಿಗೆ ಸುಮಾರು 650 ಕೆಜಿ ತೂಕ, ಅಂದರೆ ಗಟ್ಟಿಯೂ ಹೌದು, ಹಗುರವೂ ಹೌದು. ಉಳಿಯ ಬಾಯಿಗೆ ಬೆಣ್ಣೆಯಂತೆ ಒದಗುತ್ತದೆ, ಸಣ್ಣ ಅಂಚೂ ಚಕ್ಕೆ ಏಳುವುದಿಲ್ಲ, ಒಮ್ಮೆ ಚೆನ್ನಾಗಿ ಒಣಗಿದ ಮೇಲೆ ಅಲುಗಾಡುವುದು ಕಡಿಮೆ. ನಮ್ಮ ಬೀಟೆ ನೋಡಲು ಇನ್ನೂ ಗಂಭೀರ. ಆದರೆ ಅದು ಘನಮೀಟರಿಗೆ 800 ಕೆಜಿಯನ್ನೂ ಮೀರಿ ತೂಗುತ್ತದೆ. ಒದೆತ ತಗ್ಗಿದರೂ ಹೊತ್ತು ನಡೆಯುವುದಕ್ಕಾಗಿ ಹುಟ್ಟಿದ ಕೋವಿಗೆ ಅದು ಹೊರೆ. ಮುರಿದ ಅಕ್ರೋಟು ತೆಗೆದು ಹಾಕಿ ಬೀಟೆಯ ಹೊಸ ಹಿಡಿಮರ ಕೆತ್ತಿಸುವ ಆಸೆ ಮಲೆನಾಡಿನಲ್ಲಿ ಹಲವರಿಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ಎರಡು ತುಂಡಾದರೂ ತುಂಡುಗಳೆರಡೂ ಕೈಯಲ್ಲಿದ್ದರೆ ಹಳೆಯ ಮರವೇ ಮರಳಿ ನಿಲ್ಲಬೇಕು. ಅದರ ಮೇಲೆ ಕೆನ್ನೆ ಒತ್ತಿದವರ ಬೆವರು, ಹೆಬ್ಬೆರಳು ಸವೆಸಿದ ಹೊಳಪು, ಹೊಟ್ಟೆಯ ಮೇಲಿನ ಆ ತಗ್ಗುಗಳ ಸಾಲು ಇವೆ. ಹೊಸ ಮರಕ್ಕೆ ಇವು ಯಾವುವೂ ಬರುವುದಿಲ್ಲ.

ತಂತಿ ತೆಗೆಯದೆ ಕೆಲಸ ಸಾಧ್ಯವಿರಲಿಲ್ಲ. ಅಜ್ಜನೇ ಅಂಗಡಿಗೆ ಬಂದು, ತಂತಿಯ ತುದಿ ಎಲ್ಲಿ ತೂರಿದೆ, ಯಾವ ಕಡೆಯಿಂದ ಯಾವ ಕಡೆಗೆ ಸುತ್ತಿದೆ ಎಂದು ತೋರಿಸಿ, ತಾವೇ ಬಿಚ್ಚಿ, ಒಂದು ಬಿದಿರಿನ ತುಂಡಿಗೆ ಸುತ್ತಿ ಕಿಸೆಯಲ್ಲಿಟ್ಟುಕೊಂಡರು. ಹದಿನೇಳು ಸುತ್ತು. ಅದರಡಿಯ ಮರ ಎಣ್ಣೆ ಕುಡಿದು ಇದ್ದಿಲಿನಂತೆ ಕಪ್ಪಾಗಿತ್ತು.

ಎಣ್ಣೆ ಹೊರಗೆಳೆಯುವುದೇ ಇಡೀ ಕೆಲಸದಲ್ಲಿ ದೀರ್ಘವಾದದ್ದು. ನುಣ್ಣಗೆ ಪುಡಿಮಾಡಿದ ಸೀಮೆಸುಣ್ಣವನ್ನು ಅಸಿಟೋನಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಮರಕ್ಕೆ ದಪ್ಪಗೆ ಮೆತ್ತಬೇಕು. ಅಸಿಟೋನು ಒಳಗಿಳಿದು ಎಣ್ಣೆಯನ್ನು ಕರಗಿಸುತ್ತದೆ. ಆರುವಾಗ ಎಣ್ಣೆಯೊಡನೆ ಮೇಲಕ್ಕೆ ಬಂದು, ಎಣ್ಣೆಯನ್ನು ಸುಣ್ಣದಲ್ಲಿ ಬಿಟ್ಟು ಹಾರಿಹೋಗುತ್ತದೆ. ಬಿಳಿ ಮೆತ್ತಿಗೆ ಕಂದು ಬಣ್ಣಕ್ಕೆ ತಿರುಗಿದರೆ ಕೆರೆದು ತೆಗೆದು ಮತ್ತೆ ಹೊಸದು. ಬೆಂಕಿ, ಬೀಡಿ, ಒಲೆ ಯಾವುದೂ ಹತ್ತಿರವಿರಬಾರದು, ಕಿಟಕಿಗಳೆಲ್ಲ ತೆರೆದಿರಬೇಕು. ಹನ್ನೊಂದನೆಯ ಸಲ ಮೆತ್ತಿದ್ದು ಬಿಳಿಯಾಗಿಯೇ ಉಳಿಯಿತು. ಮರ ತನ್ನ ಬಣ್ಣಕ್ಕೆ ಬಂದಿತ್ತು.

ಸೀಳನ್ನು ಅಂಟಿಸುವಾಗ ಅದನ್ನು ಅರೆದು ನುಣುಪು ಮಾಡುವವರಿದ್ದಾರೆ. ಅದು ದೊಡ್ಡ ತಪ್ಪು. ಮುರಿದ ಮರದ ಎರಡು ಮುಖಗಳಲ್ಲಿರುವ ಚೂಪು ಎಳೆಗಳು ಒಂದಕ್ಕೊಂದು ಕೀಲಿ ಬೀಗದ ಹಾಗೆ ಕೂರುತ್ತವೆ. ಮನುಷ್ಯನ ಕೈ ಅಷ್ಟು ಕರಾರುವಾಕ್ಕಾಗಿ ಕೆತ್ತಲಾರದು. ಹಳೆಯ ಬಡಗಿಗಳು ಚರ್ಮ ಕುದಿಸಿ ತೆಗೆದ ವಜ್ರವೆಂಬ ಅಂಟಿನಿಂದ ಕೂಡಿಸುತ್ತಿದ್ದರು. ಮೇಜು ಕುರ್ಚಿಗೆ ನಾನು ಇಂದಿಗೂ ಅದನ್ನೇ ಮೆಚ್ಚುತ್ತೇನೆ, ಬಿಸಿನೀರು ತಾಗಿಸಿದರೆ ಬಿಡಿಸಲೂ ಬರುತ್ತದೆ. ಆದರೆ ಮಳೆಯನ್ನೂ ಒದೆತವನ್ನೂ ಎದುರಿಸಬೇಕಾದ ಕತ್ತಿಗೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯೇ ಸರಿ. ಸೀಳನ್ನು ಮೆಲ್ಲಗೆ ಅಗಲಿಸಿ, ಬೆಚ್ಚಗೆ ಮಾಡಿದ ಎಪಾಕ್ಸಿಯನ್ನು ತೆಳುವಾದ ತಂತಿಯಿಂದ ಒಳಗಿನ ತುದಿಯವರೆಗೂ ಇಳಿಸಬೇಕು. ಆಮೇಲೆ ಬಿಗಿಯಲು ಸೈಕಲ್ ಟ್ಯೂಬಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಬೆರಳಗಲದ ಪಟ್ಟಿಯಾಗಿ ಕತ್ತರಿಸಿ ಎಳೆದೆಳೆದು ಸುತ್ತಿದರೆ, ದುಂಡನೆಯ ಕತ್ತನ್ನು ಅದು ಎಲ್ಲ ಕಡೆಯಿಂದಲೂ ಸಮವಾಗಿ ಹಿಸುಕುತ್ತದೆ. ಮರುದಿನ ಒಳಗಿನ ಟೊಳ್ಳಿನಿಂದ, ಹೊರಗೆ ಕಾಣದಂತೆ ಓರೆಯಾಗಿ ತೂತು ಕೊರೆದು ಸೀಳನ್ನು ದಾಟುವ ಹಾಗೆ ನಾಲ್ಕು ಮಿಲಿಮೀಟರಿನ ಹಿತ್ತಾಳೆ ಸರಳೊಂದನ್ನು ಅದೇ ಅಂಟಿನಲ್ಲಿ ಕೂರಿಸಿದೆ. ಆ ಸರಳೇ ಇನ್ನು ಕತ್ತಿನ ಎಲುಬು.

ಮುರಿದದ್ದು ಕೂಡಿತು. ಮುರಿಸಿದ ಕಾರಣ ಹಾಗೆಯೇ ಇತ್ತು. ಉಕ್ಕಿನ ಬುಡ ಮರಕ್ಕೆ ಎಲ್ಲೆಲ್ಲಿ ತಾಗುತ್ತದೆ ಎಂದು ತಿಳಿಯಲು ಲಂಡನ್ನಿನ ಕಸಬುದಾರರು ಎಣ್ಣೆ ದೀಪದ ಮಸಿಯನ್ನು ಉಕ್ಕಿಗೆ ಹಿಡಿಸುತ್ತಿದ್ದರು. ನಮಗೆ ಕಾಡಿಗೆ ಮಾಡುವ ಬಗೆ ಗೊತ್ತೇ ಇದೆ. ಹರಳೆಣ್ಣೆ ದೀಪದ ಮೇಲೆ ಹಿಡಿದ ಉಕ್ಕನ್ನು ಮರದೊಳಗೆ ಕೂರಿಸಿ ತೆಗೆದರೆ, ತಾಗಿದ ಕಡೆಯೆಲ್ಲ ಕಪ್ಪು ಚುಕ್ಕೆ. ಆ ಚುಕ್ಕೆಯನ್ನಷ್ಟೇ ಉಳಿಯಿಂದ ಹೆರೆಯುವುದು, ಮತ್ತೆ ಮಸಿ, ಮತ್ತೆ ಉಳಿ. ಬುಡ ಪೂರ್ತಿ ಕಪ್ಪಾಗಿ ಮೂಡುವವರೆಗೆ, ನಾಲಿಗೆಯ ತುದಿಯಲ್ಲಿ ಮಾತ್ರ ಒಂದು ಕಾಗದ ತೂರುವಷ್ಟು ಜಾಗ ಉಳಿಯುವವರೆಗೆ. ಆ ಕಾಗದದಷ್ಟು ಜಾಗ ಇದ್ದರೆ ಬೆಣೆ ಮತ್ತೆ ಸೀಳದು. ಎರಡು ಮಧ್ಯಾಹ್ನ ಬೇಕಾಯಿತು.

ಹೊಟ್ಟೆಯ ಮೇಲಿನ ತಗ್ಗುಗಳನ್ನು ಏನು ಮಾಡುವುದು? ತಗ್ಗಿನಲ್ಲಿ ಮರದ ಎಳೆ ತುಂಡಾಗಿರುವುದಿಲ್ಲ, ಅಪ್ಪಚ್ಚಿಯಾಗಿರುತ್ತದೆ ಅಷ್ಟೆ. ಒದ್ದೆ ಹತ್ತಿಬಟ್ಟೆ ಹಾಸಿ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಒತ್ತಿದರೆ ಹಬೆ ನುಗ್ಗಿ ಎಳೆಗಳು ಉಬ್ಬಿ ಮೇಲೇಳುತ್ತವೆ. ಹೊಸದಾಗಿ ಆದ ಒಂದೆರಡು ಪೆಟ್ಟುಗಳನ್ನು ಹಾಗೆ ಎತ್ತಿದೆ. ಹಳೆಯ ಸಾಲನ್ನು ಮುಟ್ಟಲಿಲ್ಲ. ಉಪ್ಪುಕಾಗದವನ್ನಂತೂ ಇಡೀ ಮರಕ್ಕೆ ಹಚ್ಚಲೇಬಾರದು. ಒಂದು ಸಲ ತಿಕ್ಕಿದರೆ ಮರ ಉಕ್ಕಿನ ಅಂಚಿಗಿಂತ ಕೆಳಗಿಳಿಯುತ್ತದೆ, ಬಟ್ಟೆ ಚಿಕ್ಕದಾದ ಮಗುವಿನ ಹಾಗೆ ಉಕ್ಕು ಹೊರಗೆ ಚಾಚಿಕೊಳ್ಳುತ್ತದೆ. ಹಾಳಾದ ಎಷ್ಟೋ ಹಳೆಯ ಕೋವಿಗಳನ್ನು ನೋಡಿದ್ದೇನೆ. ಅವನ್ನು ಕೆಡಿಸಿದ್ದು ಮಳೆಯೂ ಅಲ್ಲ, ಕುಟ್ಟೆ ಹುಳವೂ ಅಲ್ಲ, ಹೊಸದರಂತೆ ಹೊಳೆಯಿಸಬೇಕೆಂದು ತಿಕ್ಕಿದ ಕೈ.

ಕೊನೆಯದು ಎಣ್ಣೆ, ಈ ಸಲ ಮರಕ್ಕೆ ಬೇಕಾದ ಎಣ್ಣೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ತಾನೇ ಗಟ್ಟಿಯಾಗುತ್ತದೆ, ನಳಿಗೆಗೆ ಬಿಡುವ ಎಣ್ಣೆಯ ಹಾಗೆ ಒಳಗೇ ಒದ್ದೆಯಾಗಿ ಉಳಿಯುವುದಿಲ್ಲ. ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆ ತಿನ್ನುವ ಅಗಸೆ ಹಿಂಡಿಯ ಬೀಜದ್ದೇ ಎಣ್ಣೆ. ಇಂಗ್ಲೆಂಡಿನ ಕುಶಲಕರ್ಮಿಗಳು ಅದರಲ್ಲಿ ಅಲ್ಕಾನೆಟ್ ಬೇರು ನೆನೆಹಾಕಿ ಕೆಂಪು ಬರಿಸುತ್ತಿದ್ದರು. ನಮ್ಮ ಗಂಧಿಗೆ ಅಂಗಡಿಗಳಲ್ಲಿ ಸಿಗುವ ರತನ್‌ಜೋತ್ ಅದೇ ಸಸ್ಯ ಬಳಗದ್ದು, ಅದೇ ಕೆಂಪು ಕೊಡುತ್ತದೆ. ದಿನಕ್ಕೆ ಒಂದೇ ಲೇಪ, ನಾಲ್ಕಾರು ಹನಿ, ಅಂಗೈ ಬಿಸಿಯಾಗುವವರೆಗೆ ಉಜ್ಜುವುದು, ಉಳಿದದ್ದನ್ನು ಒರೆಸುವುದು. ಮೂರು ವಾರ ಹೀಗೆ. ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬೇಡಿ. ಗಟ್ಟಿಯಾಗುವಾಗ ಹುಟ್ಟುವ ಕಾವು ಮುದ್ದೆಯೊಳಗೆ ಸೇರಿ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಹೊರಗೆ ಅಗಲವಾಗಿ ಹರವಿ ಒಣಗಿಸಿ.

ಕೆಲಸ ಮುಗಿದಾಗ ಸೀಳು ಕೂದಲೆಳೆಯಷ್ಟು ಗೆರೆಯಾಗಿ ಉಳಿದಿತ್ತು. ಬಣ್ಣ ತುಂಬಿ ಅದನ್ನೂ ಮರೆಸಬಹುದಿತ್ತು, ನಾನು ಮರೆಸಲಿಲ್ಲ. ತಂತಿಯ ಅಗತ್ಯ ಈಗ ಇರಲಿಲ್ಲ. ಒಳಗೆ ಹಿತ್ತಾಳೆಯಿತ್ತು, ಎಪಾಕ್ಸಿಯಿತ್ತು. ಅಜ್ಜ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕತ್ತನ್ನು ಬೆರಳಿಂದ ಸವರಿದರು. ಆಮೇಲೆ ಕಿಸೆಯಿಂದ ಬಿದಿರಿನ ತುಂಡು ತೆಗೆದು, ತಂತಿಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು “ಎಳೆದು ಹಿಡಿಯಿರಿ” ಎಂದರು. ತಂತಿಗೆ ತನ್ನ ಹಳೆಯ ಬಾಗು ನೆನಪಿತ್ತು, ಮರದ ಮೇಲೆ ಅದರ ಅಚ್ಚು ಇನ್ನೂ ಇತ್ತು. ಒಂದೊಂದು ಸುತ್ತೂ ತನ್ನ ಅಚ್ಚಿಗೆ ತಾನೇ ಹೋಗಿ ಕೂತಿತು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ, ಅವರು ಬಾಯಿಬಿಟ್ಟು ಎಣಿಸಿದರು.

ಆ ವರ್ಷದ ಕೈಲ್‌ಪೊಳ್ದ್‌ಗೆ ನನ್ನನ್ನೂ ಕರೆದಿದ್ದರು. ತೋಕ್‌ಪೂ ಮುಡಿದ ಕೋವಿಗಳ ಸಾಲಿನಲ್ಲಿ ಅತಿ ಗಿಡ್ಡದ್ದು ಅದೇ. ಪೂಜೆ ಮುಗಿದ ಮೇಲೆ ಅಜ್ಜ ಹೂ ತೆಗೆದು, ನಳಿಗೆ ಒರೆಸಿ, ಮಡಚಿ, ಬಟ್ಟೆ ಸುತ್ತಿ ಬೀರುವಿನೊಳಗೆ ಇಟ್ಟರು. ಬೀಗ ಹಾಕುವ ಮುನ್ನ ಏನೋ ನೆನಪಾಗಿ ಮತ್ತೆ ಬಾಗಿಲು ತೆರೆದು, ಗಂಟನ್ನು ತಲೆಕೆಳಗು ಮಾಡಿ ನಿಲ್ಲಿಸಿದರು.